ಮುಚ್ಚಳದ ಮೇಲಿನ ಕುಂಕುಮ

ನಾನು ಒಂದು ಕಪ್ಪು ಮೋಟಾರ್ ಬೈಕು. ಹುಟ್ಟಿಸಿದವರು ನನಗೆ ಎರಡು ಕಾಲು, ಒಂದು ಕಣ್ಣು, ದುಂಡನೆಯ ಒಂದು ಹೊಟ್ಟೆ ಕೊಟ್ಟರು. ಹೊಟ್ಟೆಯೆಂದರೆ ಪೆಟ್ರೋಲ್ ಟ್ಯಾಂಕು. ಅದರ ಮುಚ್ಚಳದಲ್ಲಿ ಸೂಜಿಮೊನೆಯಷ್ಟು ಸಣ್ಣ ತೂತೊಂದನ್ನು ಇಟ್ಟರು. ಅದೇ ನನ್ನ ಮೂಗು. ಅಲ್ಲಿಂದ ಗಾಳಿ ಒಳಗೆ ಬಂದರೆ ಮಾತ್ರ ಪೆಟ್ರೋಲು ಕೆಳಗಿಳಿಯುತ್ತದೆ. ಅಜ್ಜಿಯರ ಕತೆಯಲ್ಲಿ ರಾಕ್ಷಸನ ಜೀವ ಏಳು ಸಮುದ್ರದಾಚೆಯ ಗಿಳಿಯೊಳಗೆ ಇರುತ್ತದಲ್ಲ, ಹಾಗೆ ನನ್ನ ಜೀವ ಆ ತೂತಿನಲ್ಲಿತ್ತು.

ನನ್ನನ್ನು ಮನೆಗೆ ತಂದವನು ಇಳಕಲ್ಲಿನ ನೇಕಾರ ಮುರಿಗೆಪ್ಪ. ಸೀರೆಗಂಟು ಹೊತ್ತು ಊರೊಳಗೆ ಓಡಾಡುವುದು ನನ್ನ ಕೆಲಸ. ಅವನ ಹೆಂಡತಿ ದಾನವ್ವ ಅಪರೂಪಕ್ಕೆ ಹಿಂದೆ ಕೂರುತ್ತಿದ್ದಳು. ಕುಷ್ಟಗಿಯ ಕಡೆ ಹೊರಟರೆ ಸಾಕು, ಗುನುಗಲು ಶುರು. ಆ ದಾರಿಯಲ್ಲಿ ಅವಳ ತವರಿತ್ತು.

ಆಯುಧ ಪೂಜೆಯ ದಿನ ಮಗ್ಗದ ಪೂಜೆ ಮುಗಿಸಿ ನನ್ನ ಬಳಿ ಬರುತ್ತಿದ್ದಳು. ಬೇರೆಯವರು ಗಾಡಿಯ ದೀಪಕ್ಕೆ ಬೊಟ್ಟಿಡುತ್ತಾರೆ. ದಾನವ್ವ ಮಾತ್ರ ಟ್ಯಾಂಕಿನ ಮುಚ್ಚಳವನ್ನೇ ನನ್ನ ಹಣೆಯೆಂದು ತಿಳಿದು ಅಲ್ಲೊಂದು ಸಣ್ಣ ಬೊಟ್ಟಿಡುತ್ತಿದ್ದಳು. ಆ ವರ್ಷ ಅವಳ ತಾಯಿ ಹಾಸಿಗೆ ಹಿಡಿದಿದ್ದಳು. ದಾನವ್ವ ಕುಂಕುಮವನ್ನು ಹರಳೆಣ್ಣೆಯಲ್ಲಿ ಕಲಸಿ, ಮುಚ್ಚಳದ ತುಂಬ ದಪ್ಪಗೆ ಬಳಿದಳು.

"ನಮ್ಮವ್ವನ ಕಡೀಗಾಲಕ್ಕ ನನ್ನ ಮುಟ್ಟಸಪಾ," ಎಂದಳು. "ಅಕಿ ಬಾಯಾಗ ಒಂದ್ ಗುಟುಕು ನೀರು ನನ್ನ ಕೈಯಿಂದ ಬೀಳಬೇಕು."

ನಾನು ಹೆಮ್ಮೆಯಿಂದ ಬೀಗಿದೆ. ದಡ್ಡ ನಾನು.

ಐದನೆಯ ದಿನ ಬೆಳಿಗ್ಗೆ ಪಕ್ಕದ ಅಂಗಡಿಗೆ ಅವಳ ಅಣ್ಣನ ಫೋನು ಬಂತು. ಅವ್ವ ಮಗಳ ಹೆಸರು ಹಿಡಿದು ಕರೆಯುತ್ತಿದ್ದಾಳೆ, ಬೇಗ ಬನ್ನಿ.

"ಬಸ್ಸಿಗೆ ಕಾಯೂದು ಬ್ಯಾಡ, ಗಾಡಿ ಐತಲ್ಲ," ಎಂದ ಮುರಿಗೆಪ್ಪ.

ಊರು ದಾಟಿ ಮೂರು ಮೈಲಿ ಹೋಗಿರಬೇಕು. ನನ್ನ ಉಸಿರು ಕಟ್ಟಿತು. ಕೆಮ್ಮಿದೆ, ಮುಗ್ಗರಿಸಿದೆ, ನಿಂತೆ. ಮುರಿಗೆಪ್ಪ ಮುಚ್ಚಳ ತೆಗೆದು ಇಣುಕಿದ. ಹುಸ್ ಎಂದು ಗಾಳಿ ಒಳನುಗ್ಗಿತು.

"ಪೆಟ್ರೋಲ್ ತುಂಬೇತಿ!" ಎಂದು ಮುಚ್ಚಳ ಹಾಕಿ ಒದ್ದ. ಒಂದೇ ಒದೆತಕ್ಕೆ ಹೊರಟೆ. ಮತ್ತೆ ಮೂರು ಮೈಲಿ, ಮತ್ತೆ ನಿಂತೆ. ಈ ಸಲ ಮುಚ್ಚಳ ತೆಗೆಯಲಿಲ್ಲ, ಪೈಪು ಕಿತ್ತ. ಪೆಟ್ರೋಲು ನಾಲ್ಕು ಹನಿ ತೊಟ್ಟಿಕ್ಕಿ ನಿಂತಿತು. ಪೈಪು ಊದಿದ, ಪ್ಲಗ್ ಬಿಚ್ಚಿ ಒರೆಸಿದ, ಒದ್ದು ಒದ್ದು ಬೆವರಿದ.

"ಅಲ್ರೀ, ಇನ್ನಾ ಎಷ್ಟೊತ್ತು?"

"ತಡಿ ದಾನವ್ವ, ನಾ ಏನ್ ಆಟಾ ಆಡಾಕತ್ತೇನೇನು?"

ಬಸ್ಸೊಂದು ಬಂತು. ಅವಳು ರಸ್ತೆಯ ನಡುವೆಯೇ ಹೋಗಿ ಕೈ ಅಡ್ಡ ಹಿಡಿದಳು. ಅದು ಧೂಳೆಬ್ಬಿಸಿ ಬಳಸಿಕೊಂಡು ಹೋಯಿತು. 'ಮುಚ್ಚಳ ತೆಗಿ, ಮುರಿಗೆಪ್ಪ, ಮುಚ್ಚಳ ತೆಗಿ' ಎಂದು ಒಳಗೊಳಗೇ ಕೂಗಿದೆ. ನಮ್ಮಂಥವರ ಕೂಗು ಯಾರಿಗೆ ಕೇಳಿಸುತ್ತದೆ?

ಎಷ್ಟೋ ಹೊತ್ತಿನ ಮೇಲೆ, ಪೆಟ್ರೋಲು ನೋಡಲೆಂದು ಅವನು ಮತ್ತೆ ಮುಚ್ಚಳ ತೆಗೆದಾಗಲೇ ನಾನು ಹೊರಟದ್ದು. ನಾವು ಮುಟ್ಟಿದಾಗ ತವರಿನ ಬಾಗಿಲಲ್ಲಿ ಜನ ನಿಂತಿದ್ದರು. ದಾನವ್ವ ಇಳಿದು ಓಡಿದಳು. ಒಳಗಿನಿಂದ ಅವಳ ಅಣ್ಣನ ದನಿ: "ಈಗಷ್ಟ ಹೋದ್ಲವಾ ತಂಗಿ. ನೀ ಬರೂತನಕ ನೀರು ಬ್ಯಾಡ ಅಂತ ಬಾಯಿ ಬಿಗಿಹಿಡದಿದ್ಲು."

ಆಮೇಲೆ ಕೇಳಿದ ಅಳುವನ್ನು ನಾನು ಹೇಳಲಾರೆ.

ಇಳಕಲ್ಲಿನ ಮೆಕ್ಯಾನಿಕ್ ಲಾಲಸಾಬ ಅರ್ಧ ದಿನ ನನ್ನನ್ನು ಬಿಚ್ಚಿದ. ಕಾರ್ಬೊರೇಟರ್ ಚೊಕ್ಕ, ಪೈಪು ಚೊಕ್ಕ. ಕೊನೆಗೆ ಮುಚ್ಚಳವನ್ನು ಬೆಳಕಿಗೆ ಹಿಡಿದು ನಕ್ಕ.

"ಮುರಿಗೆಪ್ಪಣ್ಣಾರ, ನಿಮ್ಮ ಗಾಡಿಗೆ ನೆಗಡಿ ಆಗೇತ್ರಿ, ಮೂಗು ಕಟ್ಟೇತಿ! ಯಾವ ಪುಣ್ಯಾತ್ಮ ಇಷ್ಟು ಭಕ್ತಿಲೆ ಮೆತ್ಯಾನ?"

ಪಿನ್ನು ಚುಚ್ಚಿದ. ಕೆಂಪು ಹೆಂಟೆಯೊಂದು ಮುರಿಗೆಪ್ಪನ ಅಂಗೈಗೆ ಬಿತ್ತು. ಅವನು ಅದನ್ನು ಮೂಸಿ ನೋಡಿ ಮುಷ್ಟಿ ಮುಚ್ಚಿದ. ಲಾಲಸಾಬನ ನಗು ತಾನಾಗಿ ಆರಿತು.

"ಇದನ್ನ ಯಾರ ಮುಂದೂ ಆಡಬ್ಯಾಡ ಲಾಲಸಾಬ. ನಿನ್ನ ಕೈ ಮುಗಿತೀನಿ."

ಮನೆಯಲ್ಲಿ ದಾನವ್ವ ಕೇಳಿದಳು, "ಏನಾಗಿತ್ತಂತ?"

"ಕಾರ್ಬೊರೇಟರ್ ಕೆಟ್ಟಿತ್ತಂತ. ಗಾಡೀನ ಸರಿ ಇಲ್ಲ."

"ಹಾಳಾದ್ದು! ನಮ್ಮವ್ವನ ಬಾಯಿ ಒಣಗಿಸಿ ಕಳಿಸ್ತು. ನನ್ನ ಕಣ್ಣಮುಂದ ಇಡಬ್ಯಾಡ್ರಿ ಇದನ್ನ."

ಸತ್ಯ ಗೊತ್ತಿದ್ದವರು ಮೂವರು. ಇಬ್ಬರು ಬಾಯಿ ಬಿಡಲಿಲ್ಲ, ಮೂರನೆಯ ನನಗೆ ಬಾಯಿಲ್ಲ. ಸೀರೆಗಂಟು ಹೊತ್ತಿದ್ದೇನೆ, ಆಮೇಲೆ ನನ್ನನ್ನು ಕೊಂಡ ಹಾಲಿನವನ ಕ್ಯಾನು ಹೊತ್ತಿದ್ದೇನೆ. ದಾನವ್ವನ ಆ ಬೈಗುಳದಷ್ಟು ಭಾರ ಯಾವುದೂ ಇರಲಿಲ್ಲ. ಆದರೂ ಇಳಿಸಬೇಕೆಂದು ಅನಿಸಲಿಲ್ಲ. ಇಳಿಸಿದರೆ ಅದು ಅವಳ ಮೇಲೇ ಬೀಳುತ್ತಿತ್ತು.

ಈಗ ಲಾಲಸಾಬನ ಗ್ಯಾರೇಜಿನ ಹಿಂದೆ, ಗುಜರಿಯ ನಡುವೆ ಒರಗಿ ನಿಂತಿದ್ದೇನೆ. ಗಾಲಿಗಳಿಲ್ಲ. ಮುಚ್ಚಳವೊಂದು ಉಳಿದಿದೆ.

ಹೋದ ಆಯುಧ ಪೂಜೆಯ ದಿನ ಕೋಲೂರಿಕೊಂಡು ಮುರಿಗೆಪ್ಪ ಬಂದ. ಕೈಯಲ್ಲಿ ದಾನವ್ವನ ಕುಂಕುಮದ ಭರಣಿ.

"ಹೋದ್ಲಪಾ," ಎಂದ. "ಕಡೀತನಕಾ ನಿನ್ನ ಬೈಕೋತನ ಹೋದ್ಲು. ತನ್ನ ಬೈಕೊಳ್ಳಲಿಲ್ಲ. ಅಷ್ಟು ಸಾಕು."

ಭರಣಿಯಲ್ಲಿ ಉಳಿದಿದ್ದನ್ನೆಲ್ಲ ಎಣ್ಣೆಯಲ್ಲಿ ಕಲಸಿದ. ಬೆರಳು ದೀಪದ ಕಡೆ ಹೋಯಿತು, ಅಲ್ಲೇ ನಿಂತಿತು. ಆಮೇಲೆ ಅವಳು ಆ ವರ್ಷ ಬಳಿದಿದ್ದ ಹಾಗೆಯೇ ಮುಚ್ಚಳದ ತುಂಬ, ದಪ್ಪಗೆ ಬಳಿದ. ಆ ಸಣ್ಣ ತೂತು ಮುಚ್ಚಿಹೋಯಿತು.

ಮುಚ್ಚಲಿ. ನಾವಿಬ್ಬರೂ ಇನ್ನು ಯಾವ ಊರನ್ನೂ ಹೊತ್ತಿಗೆ ಮುಟ್ಟಬೇಕಾಗಿಲ್ಲ.