ಎಲ್ಲದಕ್ಕೂ ಬರುವ ಗಿಟಾರ್

ಗಿಟಾರಿನಿಂದ ಶುರುಮಾಡಲೇ, ಗಂಟಲಿನಿಂದಲೇ? ಈಗಾಗಲೇ ಕೆಲವು ಹಾಳೆ ಹರಿದಿದ್ದೇನೆ. ಒಂದರಲ್ಲಿ ಕನಕಮ್ಮ ಬಸ್ಸಿಳಿದು ಬರುತ್ತಿದ್ದಳು, ಹಿಂದೆ ಸೂರ್ಯ ಮುಳುಗುತ್ತಿದ್ದ. (ನನ್ನ ಕಥೆಗಳಲ್ಲಿ ಸೂರ್ಯನಿಗೆ ಬೇರೆ ಕೆಲಸವೇ ಇಲ್ಲ.) ಅದು ಬೇಡ. ೨೦೦೩ನೇ ಇಸವಿ, ಸುಡುವ ಮಧ್ಯಾಹ್ನ, ಹರಪನಹಳ್ಳಿಯಲ್ಲಿ ಪಾಲಾಕ್ಷಪ್ಪನ ಅಂಗಡಿ. ರೇಡಿಯೊ, ಮೈಕು ರಿಪೇರಿ ಮಾಡುತ್ತಾನೆ, ಹಳೆಯ ವಾದ್ಯ ಮಾರುತ್ತಾನೆ. ಒಳಗೆ ಗಿಟಾರ್ ಕೊಳ್ಳಲು ಬಂದ ಕನಕಮ್ಮ. ಹೊರಗೆ ಕಟ್ಟೆಯ ಮೇಲೆ ಮಂಡಕ್ಕಿ ತಿನ್ನುತ್ತ ಅವಳ ಗಂಡ ಹುಲುಗೇಶ್, ಕೊಟ್ಟೂರಿನ ಆರ್ಕೆಸ್ಟ್ರಾ ಒಂದರ ಮಾಲೀಕ.

"ಎಲ್ಲಾದಕ್ಕೂ ಬರಬೇಕು ನೋಡು," ಕೂತಲ್ಲಿಂದಲೇ ಕೂಗಿದ. "ಭಜನಿಗೂ ಬರಬೇಕು, ಮದಿವಿ ಮನಿಗೂ ಬರಬೇಕು, ಹುಡುಗ್ರು ಡಿಸ್ಕೋ ಅಂದ್ರ ಅದಕ್ಕೂ ಬರಬೇಕು. ಇಲ್ಲಾಂದ್ರ ಕೀಬೋರ್ಡಿನಾಂವನ್ನ ಕರಕಂಡು ಬರ್ತೀನಿ, ನೀ ಮನ್ಯಾಗಿರು."

(ಹೆಣ್ಣು ನೋಡಲು ಹೋದಾಗಲೂ ಅವನ ಮನಸ್ಸಿನಲ್ಲಿದ್ದದ್ದು ಇದೇ ಮಾತು ಎಂದು ಬರೆದು ಹೊಡೆದುಹಾಕಿದೆ. ಜಾಣತನ ಹೆಚ್ಚಾಯಿತು.)

೧.

ಗಂಟಲಿನ ವಿಷಯ ಹೇಳದೆ ಗಿಟಾರ್ ಅರ್ಥವಾಗದು. ಕನಕಮ್ಮ ಮೊದಲು ಆ ತಂಡದ ಹಾಡುಗಾರ್ತಿ. ಪ್ರತಿ ಕಾರ್ಯಕ್ರಮಕ್ಕೆ ಮುಂಚೆ ಮೈಲಾರಲಿಂಗನ ಭಂಡಾರವನ್ನು, ಆ ಅರಿಸಿನ ಪುಡಿಯನ್ನು, ತಬಲಾಕ್ಕೆ, ಹಾರ್ಮೋನಿಯಂಗೆ, ಮೈಕಿಗೆ ಹಚ್ಚುವುದು ಅವರ ಪದ್ಧತಿ. ವರ್ಷಗಟ್ಟಲೆ ಪುಡಿ ಮೈಕಿನ ಜಾಲರಿಯೊಳಗೆ ಇಳಿಯಿತು. ಸದ್ದು ಮಂದವಾಯಿತು. ದೇವರು ಮುನಿದಿದ್ದಾನೆಂದು ಇನ್ನಷ್ಟು ಹಚ್ಚಿದರು.

"ಜೋರ್ ಹಾಡಲೇ, ಕೇಳವಲ್ದು!" ವೇದಿಕೆಯ ಪಕ್ಕದಿಂದ ಹುಲುಗೇಶ್ ಕೂಗುತ್ತಿದ್ದ.

ಮೈಕು ನುಂಗಿದಷ್ಟೂ ಅವಳು ಕೂಗಿ ಹಾಡಿದಳು. ಒಂದು ಚಳಿಗಾಲ ಗಂಟಲು ಹರಿದೇ ಹೋಯಿತು. ಈಗ ಮಾತಾಡಿದರೆ ನೆಲದ ಮೇಲೆ ತಗಡು ಎಳೆದ ಹಾಗೆ. ಗಿಟಾರ್ ಕಲಿತದ್ದು ವೇದಿಕೆ ಕೈಬಿಡಬಾರದೆಂದು.

೨.

ಅಂಗಡಿಯಲ್ಲಿ ಇದ್ದದ್ದು ಎರಡು ಗಿಟಾರ್. ಕೆಂಪಿನದಕ್ಕೆ ತಂತಿಗಳ ಕೆಳಗೆ ಸದ್ದು ಹಿಡಿಯುವ ಮೂರು ಪಿಕಪ್, ಆರಿಸಿಕೊಳ್ಳಲು ಒಂದು ಸ್ವಿಚ್ಚು. ಕತ್ತಿನ ಕಡೆಗೆ ತಳ್ಳಿದರೆ ಭಜನೆಗೆ ಬೇಕಾದ ಗುಂಡು ದನಿ. ನಡುವೆ ಇಟ್ಟರೆ ಮದುವೆ ಮನೆಯ ತಿಳಿ ದನಿ. ಇನ್ನೊಂದು ತುದಿಗೆ ತಳ್ಳಿದರೆ ಕಿವಿ ಕೊಯ್ಯುವ ಡಿಸ್ಕೋ. ಎಲ್ಲದಕ್ಕೂ ಬರುತ್ತದೆ. ಕಥೆ ಇಲ್ಲಿಗೇ ಮುಗಿಯಬೇಕಿತ್ತು.

ಆದರೆ ಅವಳು ಕಪ್ಪಿನದನ್ನು ಎತ್ತಿಕೊಂಡಳು. (ನಾನು ಎತ್ತಿಸಲಿಲ್ಲ.) ಸ್ಪೀಕರಿನ ವೈರು ಅದಕ್ಕೆ ಸಿಕ್ಕಿಸಿ ತಂತಿ ಮೀಟಿದಳು. ಗಿಟಾರಿನ ಸದ್ದು ಬರಲಿಲ್ಲ. ಹೆಂಗಸೊಬ್ಬಳು ಉಸಿರು ಎಳೆದುಕೊಂಡ ಸದ್ದು ಬಂತು, ಹಾಡುವ ಮುನ್ನ ಎಳೆದುಕೊಳ್ಳುವಂಥ ಉಸಿರು. ಆಮೇಲೆ ದನಿ.

ಕನಕಮ್ಮನ ಹಳೆಯ ದನಿ.

"ಅಣ್ಣಾ, ಇದರಾಗ ಏನ್ ಹಾಕೀರಿ?"

"ಪಿಕಪ್ ಹೋಗಿತ್ರಿ ಅಕ್ಕಾರ," ಎಂದ ಪಾಲಾಕ್ಷಪ್ಪ. "ಹಳೇ ಮೈಕೊಂದು ಬಿಚ್ಚಿ, ಅದರ ಅಯಸ್ಕಾಂತ ಹಾಕಿ ಕಟ್ಟೀನಿ. ನಿಮ್ಮದೇ ಮೈಕ್ರಿ, ನಿಮ್ಮ ಮನಿಯವ್ರು ಗುಜರಿಗೆ ಹಾಕು ಅಂತ ಕೊಟ್ಟಿದ್ರಲ್ಲ. ಅದು ಬ್ಯಾಡ್ರಿ ನಿಮಗ. ಒಂದ ನಮೂನಿ ಸದ್ದು, ಬ್ಯಾರೆ ಏನೂ ಬರಂಗಿಲ್ಲ. ನಾಳಿ ಹಡಗಲಿಯವ್ರು ಒಯ್ತಾರ."

"ನಿಮಗ ಕೇಳಸ್ತೈತೇನು?"

"ಏನ್ರಿ? ಗುಂಯ್ ಅಂತೈತಿ, ಅಷ್ಟ."

ಅವಳು ಗಿಟಾರನ್ನು ಓರೆಮಾಡಿದಳು. ಸಂದಿನಿಂದ ಹಳದಿ ಪುಡಿ ಮಡಿಲಿಗೆ ಉದುರಿತು.

೩.

ಮೊದಲ ಅಂತ್ಯ: ಕನಕಮ್ಮ ಕೆಂಪಿನದನ್ನು ಒಯ್ದಳು. ಎಲ್ಲರಿಗೂ ಎಲ್ಲವನ್ನೂ ನುಡಿಸಿದಳು.

ಇಷ್ಟು ಬರೆಯುವಾಗಲೇ ಅವಳು ಹಾಳೆಯೊಳಗಿಂದ ತಲೆಯೆತ್ತಿದಳು. "ನಾಳಿ ಹಡಗಲಿಯಾಗ ಯಾರದೋ ಕೈಯಾಗ ನನ್ನ ದನಿ ಹಾಡಬೇಕೇನ್ರಿ?"

ಎರಡನೆಯದು: ಕಪ್ಪಿನದನ್ನು ಒಯ್ದಳು. ತಂಡಕ್ಕೆ ಕೀಬೋರ್ಡ್ ಬಂತು. ಅಡಿಗೆಮನೆಯ ಕದ ಮುಚ್ಚಿಕೊಂಡು...

"ಕದ ಮುಚ್ಚಿಕಂಡು ನನ್ನ ದನಿ ನಾನ ಕೇಳಬೇಕಾ? ನಿಮಗೇನ್ರಿ ಅಕ್ಕಾರ, ಬರದು ಉಣ್ಣಾಕ ಹೋಗ್ತೀರಿ."

"ಹಾಗಾದರೆ ನೀನೇ ಹೇಳು," ಎಂದೆ, ಸ್ವಲ್ಪ ಸಿಟ್ಟಿನಿಂದಲೇ.

ಅವಳು ಮತ್ತೆ ಅಂಗಡಿಯಲ್ಲಿ ಕೂತಳು. ಕಪ್ಪಿನದು ಮಡಿಲಲ್ಲಿತ್ತು, ಒಂದು ಕೈ ಕೆಂಪಿನದರ ಮೇಲಿತ್ತು.

ಮುಂದಿನದನ್ನು ನಾನು ಯೋಚಿಸಿರಲಿಲ್ಲ.

"ಯಾವ್ದು ತಗಂಡೀ?" ಹೊರಗಿನಿಂದ ಹುಲುಗೇಶ್ ಕೂಗಿದ.

"ಬಂದೆ ನೋಡ್ರಿ," ಎಂದು ಉತ್ತರ ಹೋಯಿತು. ತಿಳಿಯಾದ, ಎಲ್ಲೂ ಹರಿಯದ, ಇಪ್ಪತ್ತರ ಹರೆಯದ ದನಿ.

ಕಟ್ಟೆಯ ಮೇಲೆ ಮಂಡಕ್ಕಿ ಚೆಲ್ಲಿದ ಸದ್ದು. ಈ ಸಲ ಪಾಲಾಕ್ಷಪ್ಪನಿಗೂ ಕೇಳಿಸಿತ್ತು. ಅವನು ಕನಕಮ್ಮನ ಬಾಯಿ ನೋಡಿದ. ಬಾಯಿ ಮುಚ್ಚಿತ್ತು. ಗಿಟಾರಿನ ವೈರು ನೋಡಿದ. ಅದು ಕಳಚಿ ನೆಲದ ಮೇಲೆ ಬಿದ್ದಿತ್ತು.

"ಕನಕೀ?" ಎಂದ ಹುಲುಗೇಶ್, ಬಾಗಿಲಿಗೆ ಬಾರದೆ. ಅಷ್ಟು ಮೆತ್ತಗೆ ಅವನು ಯಾವತ್ತೂ ಕರೆದಿರಲಿಲ್ಲ.

ಈಗ ಒಬ್ಬಳು ಎದ್ದು ಹೊರಗೆ ಹೋಗಬೇಕು. ಯಾರು ಎಂದು ಬರೆಯಲು ನನಗೆ ಕೈ ಬರುತ್ತಿಲ್ಲ. ಒಬ್ಬಳು ಕೂತೇ ಇದ್ದಾಳೆ, ಮಡಿಲು ತುಂಬ ಅರಿಸಿನ. ಇನ್ನೊಬ್ಬಳು, ಕಪ್ಪು ಗಿಟಾರಿನೊಳಗಿನವಳು, ಈಗಷ್ಟೇ ಉಸಿರು ಎಳೆದುಕೊಂಡಿದ್ದಾಳೆ, ಹಾಡುವ ಮುನ್ನ ಎಳೆದುಕೊಳ್ಳುವಂಥದ್ದು. ಆ ಉಸಿರನ್ನು ಇನ್ನೂ ಬಿಟ್ಟಿಲ್ಲ.