ಎಣ್ಣೆ ಮೆತ್ತಿದ ಬೇಲಿ

ನಲವತ್ತು ವರ್ಷಗಳ ಹಿಂದೆ ತಿಜಾನಿ ತನ್ನಿಬ್ಬರು ತಮ್ಮಂದಿರೊಡನೆ ಎದೆಮಟ್ಟದ ನೀರಿನಲ್ಲಿ ನಿಂತು, ಸಮುದ್ರದ ತಳವನ್ನೇ ಗೋರಿಕೊಂಡು ಬರುತ್ತಿದ್ದ ಮೀನುಹಡಗೊಂದನ್ನು ಹಿಂದಿರುಗಿಸಿದ್ದ. ಹಡಗು ಮೂರು ಸಲ ಕೂಗು ಹಾಕಿತು, ಇವರು ಕದಲಲಿಲ್ಲ. ಅಂದು ಹಾಗೆ ಉಳಿಸಿಕೊಂಡ ಮೀನುಬೇಲಿಯೆದುರು ಇಂದು ಬಂದರು ಕಚೇರಿಯ ರಿಧಾ ಸಾಹೇಬರು, ದೋಣಿಯಿಂದ ಇಳಿಯದೆ, ಮೂಗಿಗೆ ಕರವಸ್ತ್ರ ಹಿಡಿದು ಕೇಳುತ್ತಿದ್ದರು:

"ಏನಯ್ಯ ಮುದುಕ, ಸಮುದ್ರದ ತುಂಬ ಈ ಕಸ ಯಾಕೆ ಚುಚ್ಚಿಟ್ಟಿದ್ದೀಯ?"

ಕಸವೆಂದರೆ ಖರ್ಜೂರದ ಗರಿಗಳು. ಮೆಡಿಟರೇನಿಯನ್ ಸಮುದ್ರದ ಕರ್ಕೆನ್ನಾ ದ್ವೀಪದ ಮನೆತನಗಳಿಗೆ ಹೊಲವಿಲ್ಲ, ನೀರುಂಟು. ಹಿರಿಯರಿಂದ ಬಂದ ತುಂಡು ನೀರಿನಲ್ಲಿ ಗರಿ ನೆಟ್ಟು ಬೇಲಿ ಕಟ್ಟಿದರೆ, ಇಳಿತದ ಹೊತ್ತಿಗೆ ಮೀನುಗಳು ಬೇಲಿಗುಂಟ ಸಾಗಿ ತುದಿಯ ಬುಟ್ಟಿ ಸೇರುತ್ತವೆ. ಈ ವಾರ ಸೇರಿದ್ದು ಕಪ್ಪು ಎಣ್ಣೆ. ಹಡಗುಗಳೀಗ ಸಭ್ಯವಾಗಿದ್ದವು, ಹತ್ತಿರ ಬಂದು ಕೂಗು ಹಾಕುತ್ತಿರಲಿಲ್ಲ. ದಿಗಂತದಲ್ಲಿ ಒಂದರ ಹಿಂದೊಂದು ಮೆರವಣಿಗೆ ಹೊರಟು, ತಮ್ಮ ಎಣ್ಣೆತೊಟ್ಟಿ ತೊಳೆದ ನೀರನ್ನಷ್ಟೇ ಕಾಣಿಕೆಯಾಗಿ ಕಳಿಸುತ್ತಿದ್ದವು. ಎದುರು ಹೋಗಿ ನಿಲ್ಲೋಣವೆಂದರೆ ಯಾವುದರ ಎದುರು?

ತಿಜಾನಿ ದೂರು ಕೊಟ್ಟಿದ್ದ. ಕಚೇರಿ ಕೂಲಂಕಷವಾಗಿ ವಿಚಾರಿಸಿ ಅಪರಾಧಿಯನ್ನು ಹಿಡಿದಿತ್ತು: ಬೇಲಿ. ಮೆಡಿಟರೇನಿಯನ್ ಇಕ್ಕಟ್ಟು ಬಾಗಿಲಿನ ಕೊಠಡಿಯಿದ್ದಂತೆ, ಒಳಸೇರಿದ ಹೊಲಸು ಹೊರಹೋಗಲು ತಲೆಮಾರುಗಳೇ ಬೇಕು ಎಂದು ಸಾಹೇಬರು ತಿಳಿಯಹೇಳಿದರು. ಆದ್ದರಿಂದ ಗರಿ ಕೊಳೆಯುವುದನ್ನು ಸರ್ಕಾರ ಸಹಿಸಲಾರದು. ಹಡಗುಗಳೋ, ಮುಂದಿನ ವರ್ಷ ಎರಡು ಪಟ್ಟಾಗಲಿದ್ದವು. ಸಾಹೇಬರು ತಂದ ಕಾಗದದಲ್ಲಿ ಎರಡೇ ಮಾತು: ಎಣ್ಣೆ ಕಂಡಿಲ್ಲ, ಬೇಲಿಯನ್ನು ನಾನೇ ಸಂತೋಷದಿಂದ ಕೀಳುತ್ತೇನೆ. ಹೆಬ್ಬೆಟ್ಟು ಒತ್ತದಿದ್ದರೆ ದೋಣಿಯ ಪರವಾನಗಿಯೂ ರದ್ದು.

ಗರಿ ಉಜ್ಜುತ್ತ ನೀರಿನಲ್ಲಿ ನಿಂತಿದ್ದ ಮೊಮ್ಮಗಳು ಸಾಲ್ಹಾ ಎರಡೂ ಸಾಲುಗಳ ಮೇಲೆ ಬೆರಳಿಟ್ಟು ತಾತನಿಗೆ ಓದಿ ಹೇಳಿ, ಸಾಹೇಬರತ್ತ ತಿರುಗಿದಳು. "ಬೇಲಿ ಕಿತ್ರೆ ನಾವೇನ್ ಮಣ್ಣು ತಿನ್ನಾದಾ ಸ್ವಾಮಿ? ಆ ಬೋಳಿಮಕ್ಳ ಹಡಗು ಹೇತಿದ್ದನ್ನ ನಾವ್ ಬಳೀಬೇಕಾ?"

ಹೆಣ್ಣುಮಕ್ಕಳಿಗೆ ಓದು ಕಲಿಸಿದ್ದರ ಫಲವೆಂದು ವಿಷಾದಿಸಿ ಸಾಹೇಬರು ಮಸಿಯ ಡಬ್ಬಿ ಚಾಚಿದರು.

"ಮಸಿ ಯಾಕೆ ಬುದ್ಧಿ, ದಂಡ" ಎಂದ ತಿಜಾನಿ. "ಹಡಗಿನೋರೇ ಬೇಕಾದಷ್ಟು ಕಳ್ಸವ್ರೆ."

ಗರಿಗೆ ಮೆತ್ತಿದ್ದ ಕಪ್ಪಿಗೆ ಹೆಬ್ಬೆಟ್ಟು ಅದ್ದಿ ಎಣ್ಣೆ ಕಂಡಿಲ್ಲವೆಂಬ ಸಾಲಿನ ಮೇಲೆಯೇ ಒತ್ತಿದ. ಆಮೇಲೆ ಇಡೀ ಅಂಗೈ ಅದ್ದಿ, ಬೇಲಿ ಕೀಳುವ ಮಾತು ಕಾಣದಂತೆ ಬಳಿದ.

ನಾಳೆ ಪೊಲೀಸರೊಡನೆ ಬರುವುದಾಗಿ ಹೇಳಿ ಸಾಹೇಬರು ಕಾಗದವನ್ನು ಉಗುರ ತುದಿಯಲ್ಲಿ ಹಿಡಿದು ಹೊರಟರು. ತಿಜಾನಿ ಹೊಸ ಗರಿಯೊಂದನ್ನು ತಳಕ್ಕೆ ಒತ್ತಿ ನೆಟ್ಟ. ಸಾಲ್ಹಾ ಬಂದು ಅವನ ಪಕ್ಕದಲ್ಲಿ ನಿಂತಳು.

"ತಾತ, ಅವತ್ತು ಹಡಗು ಮೂರ್ನೇ ಸಲ ಕೂಗ್ದಾಗ ನೀವ್ ಮೂರೂ ಜನ ಕೈ ಕೈ ಹಿಡ್ಕಂಡಿದ್ರಾ? ಇನ್ನೊಂದ್ಸಲ ಹೇಳು, ಮೊದ್ಲಿಂದ."