ಹೊಲಿಗೆಯ ಒಳಮಗ್ಗುಲು

ದರ್ಜಿ ಅಕ್ಕನ ಹೊಲಿಗೆಯ ಬಗ್ಗೆ ಎರಡು ಮಾತಿರಲಿಲ್ಲ. ಹಾಗೆಂದು ಮೊದಲು ಹೇಳುತ್ತಿದ್ದವಳು ಅವಳೇ. ಆಮೇಲೆ ಗಿರಾಕಿಗಳೂ ಒಪ್ಪುತ್ತಿದ್ದರು. ಅವಳ ಜೊತೆಗೇ ಇದ್ದ ತಂಗಿಗೆ ಬೆಟ್ಟದ ಮೇಲೆ ಕೆಲಸ ಸಿಕ್ಕಿತ್ತು, ಹಿಮದ ಮೇಲೆ ಸ್ಕೀ ಮಾಡುವಾಗ ಬಿದ್ದು ಕೈಕಾಲು ಮುರಿದುಕೊಂಡವರನ್ನು ಕೆಳಗೆ ಕರೆತರುವ ಕೆಲಸ. ಹೋದ ಚಳಿಗಾಲದಲ್ಲಿ ನ್ಯುಮೋನಿಯಾ ಆಗಿ ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದ ಹುಡುಗಿ. ಮೈ ಒದ್ದೆಯಾಗಲು ಬಿಡಲೇಬೇಡಿ ಎಂದು ಡಾಕ್ಟರು ಅಕ್ಕನಿಗೇ ತಾಕೀತು ಮಾಡಿದ್ದರು.

ಅದಕ್ಕೇ ಅಕ್ಕ ಅಂಗಡಿಗಳನ್ನೆಲ್ಲ ಜಾಲಾಡಿ ಒಂದು ಸ್ಕೀ ಜಾಕೆಟ್ಟು ತಂದಳು. ಚೀಟಿಯ ಮೇಲೆ ಇಪ್ಪತ್ತು ಸಾವಿರ ಮಿಲಿಮೀಟರ್ ಎಂದಿತ್ತು. ಹಾಗೆಂದರೇನೋ ಅವಳಿಗೆ ಗೊತ್ತಿರಲಿಲ್ಲ. ದೊಡ್ಡ ನಂಬರು, ಒಳ್ಳೆಯದೇ ಇರಬೇಕು ಅಂದುಕೊಂಡಳು. ಅಂಗಡಿಯವರನ್ನು ಕೇಳಿ ಬಂದು ಅರ್ಥ ಬಿಡಿಸಿದವನು ಗಂಡ, ನಲ್ಲಿ ರಿಪೇರಿಯವನು. ಬಟ್ಟೆಯ ಮೇಲೆ ಕೊಳವೆ ನಿಲ್ಲಿಸಿ ನೀರು ತುಂಬುತ್ತಾ ಹೋದರೆ, ನೀರು ಇಪ್ಪತ್ತು ಮೀಟರ್ ಏರುವವರೆಗೂ ಬಟ್ಟೆ ತಡೆಯುತ್ತದಂತೆ. ಆರು ಮಹಡಿ ಮೇಲಿನ ಟ್ಯಾಂಕು ಕೆಳಗಿನ ನಲ್ಲಿಯನ್ನು ಒತ್ತುವಷ್ಟು ಭಾರ. ಅಷ್ಟಕ್ಕೇ ನಿಲ್ಲಿಸಿದ್ದರೆ ಬೈಸಿಕೊಳ್ಳುತ್ತಿರಲಿಲ್ಲ. ತಂಗಿಗೆ ಕೆಲಸ ಕೊಟ್ಟವರು ಹೇಳಿದ್ದಂತೆ ಜಾಕೆಟ್ಟಿನ ಭುಜಗಳಿಗೆ ಹೊಳೆಯುವ ಪಟ್ಟಿ ಹೊಲಿಯುತ್ತಿದ್ದ ಹೆಂಡತಿಯನ್ನು ನೋಡಿ ಬಾಯಿಬಿಟ್ಟ.

"ಆ ನಂಬರು ಬಟ್ಟೆದು ಕಣೇ, ಹೊಲಿಗೆದಲ್ಲ. ಪೈಪು ಎಷ್ಟೇ ಗಟ್ಟಿ ಇರ್ಲಿ, ಸೋರೋದು ಜಾಯಿಂಟಲ್ಲೇ."

"ಇಪ್ಪತ್ತು ವರ್ಷದಿಂದ ಹೊಲೀತಿದೀನಿ. ನೀವು ನನಗೆ ಸೂಜಿ ಹಿಡಿಯೋದು ಹೇಳಿಕೊಡ್ಬೇಡಿ," ಎಂದವಳೇ ಸಿಟ್ಟಿಗೆ ಇನ್ನೂ ಒಂದು ಸಾಲು ಹೊಲಿಗೆ ಓಡಿಸಿದಳು. ಅವನು ಚಪ್ಪಲಿ ಮೆಟ್ಟಿ ಹೊರಗೆ ಹೋದ.

ಮಾರನೆಯ ಬೆಳಿಗ್ಗೆ ತಂಗಿ ಜಾಕೆಟ್ಟು ತೊಟ್ಟು ಹೊರಟಳು. ಅಕ್ಕ ಇಸ್ತ್ರಿಪೆಟ್ಟಿಗೆ ಎತ್ತಿದರೆ ತಳದಲ್ಲಿ ಅಂಟು ಮೆತ್ತಿತ್ತು. ಇದನ್ನು ಮುಟ್ಟಿದವರು ಯಾರು ಎಂದು ಸೂರು ಹಾರಿಹೋಗುವಂತೆ ಕೂಗಾಡಿದಳು. ಗಂಡ ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡು ಕೆಲಸಕ್ಕೆ ಹೋದ.

ಮಧ್ಯಾಹ್ನ ಮಳೆ ಬೆರೆತ ಹಿಮ ಸುರಿಯತೊಡಗಿತು. ಅಕ್ಕ ಗಿರಾಕಿಯೊಬ್ಬನ ಸ್ಕೀ ಪ್ಯಾಂಟಿನ ಮಂಡಿಗೆ ತೇಪೆ ಹಾಕಿ, ಕಲೆ ತೊಳೆಯಲೆಂದು ನಲ್ಲಿಯ ಕೆಳಗೆ ಹಿಡಿದಳು. ಬಟ್ಟೆಯ ಮೇಲೆ ನೀರು ನಿಲ್ಲದೆ ಉರುಳಿಹೋಯಿತು. ತೇಪೆಯ ಸುತ್ತ ಮಾತ್ರ, ಅವಳ ಒಂದೊಂದು ಸೂಜಿತೂತಿನಿಂದಲೂ ಒಳಗಡೆ ಹನಿ ಒಸರಿತು. ತಂಗಿಯ ಭುಜದ ಮೇಲೆ ಮೂರು ಸಾಲು ತೂತು ಹೊಡೆದು ಕಳಿಸಿದ್ದಳಲ್ಲ, ಅದರಲ್ಲಿ ಒಂದು ಬರೀ ಜಂಭಕ್ಕೆ.

ತಂಗಿಯ ಫೋನು ಸ್ವಿಚ್ ಆಫ್. ಕಿಟಕಿಗೂ ಬಾಗಿಲಿಗೂ ಅಲೆದಳು. ನನ್ನ ಕೈಯಾರೆ ಅವಳನ್ನು ಮತ್ತೆ ಆಸ್ಪತ್ರೆಗೆ ಕಳಿಸುತ್ತಿದ್ದೇನಲ್ಲ ಎಂದು ಬಿಕ್ಕಿ ಅತ್ತಳು.

ಸಂಜೆ ತಂಗಿ ಬಂದಾಗ ಜಾಕೆಟ್ಟಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಅಕ್ಕ ಅವಳ ಕಾಲರಿನೊಳಗೆ ಕೈ ತೂರಿಸಿ ಭುಜ ಮುಟ್ಟಿ ನೋಡಿದಳು. ಒಣಗಿತ್ತು, ಬೆಚ್ಚಗೂ ಇತ್ತು. ಹೋದ ಜೀವ ಬಂದಂತಾಯಿತು.

ತಂಗಿಗೆ ನಗು. "ನಿನ್ನೆ ನೀನು ಮಲಗಿದ್ಮೇಲೆ ಭಾವ ಅಂಗಡಿಯಿಂದ ತಂದ ನೀರು ತಡೆಯೋ ಟೇಪ್ ಒಳಗಡೆ ಹಾಕಿದಾರಲ್ಲಕ್ಕ. ನಿಂಗೆ ಬೇಜಾರಾಗತ್ತೆ, ಹೇಳ್ಬೇಡ ಅಂದಿದ್ರು."

ಜಾಕೆಟ್ಟಿನ ಒಳಮಗ್ಗುಲು ತಿರುವಿ ನೋಡಿದರೆ, ಹೊಲಿಗೆಯ ಸಾಲುಗಳ ಮೇಲೆ ತೆಳುವಾದ ಟೇಪು ಇಸ್ತ್ರಿಯ ಬಿಸಿಗೆ ಅಂಟಿ ಕೂತಿತ್ತು. ಸೊಟ್ಟಪಟ್ಟ, ಒಂದು ಕಡೆ ಸುಕ್ಕು ಬೇರೆ. ಆದರೆ ಒಂದು ತೂತನ್ನೂ ಬಿಟ್ಟಿರಲಿಲ್ಲ. ಬೆಳಗಿನ ಅಂಟು ಎಲ್ಲಿಯದೆಂದು ಅಕ್ಕನಿಗೆ ಆಗ ತಿಳಿಯಿತು.

ಸ್ವಲ್ಪ ಹೊತ್ತಿಗೆ ಗಂಡ ಬಂದ. ಅವಳ ಕೈಯಲ್ಲಿದ್ದ ಜಾಕೆಟ್ಟು ನೋಡಿ, ಇನ್ನೊಂದು ಸುತ್ತು ಬೈಗುಳಕ್ಕೆ ತಯಾರಾಗಿ ಬಾಗಿಲಲ್ಲೇ ನಿಂತ. ಅಕ್ಕ ಕಣ್ಣೊರೆಸಿಕೊಂಡು ಇಸ್ತ್ರಿಪೆಟ್ಟಿಗೆಯನ್ನೂ ಗಿರಾಕಿಯ ಪ್ಯಾಂಟನ್ನೂ ತಂದು ಅವನ ಮುಂದಿಟ್ಟಳು.

"ಇದಕ್ಕೂ ಹಾಕ್ಕೊಡ್ರೀ," ಎಂದಳು. "ಹೇಗೆ ಹಾಕೋದು ಅಂತ ನನಗೂ ಕಲಿಸಿ."